ಬಾಗಿಲಿಗೆ ಬೆನ್ನು ಮಾಡಿ ನಿಂತವನು

“ಸೀರಿ ಅಲ್ಲ ಲೇ ಇದು, ರೇಲ್ವೆ ಗೇಟು,” ಅಂದರು ಶಿವಯೋಗೆಪ್ಪ ಸಾವಕಾರರು. “ಇದನ್ನ ಉಟ್ಕೊಂಡು ಯಾವಾಕಿನರ ರಸ್ತಾದಾಗ ನಿಂತ್ರ ಬಸ್ಸು ನಿಂತಾವು.”

ರಬಕವಿಯ ಆ ಸೀರೆ ಅಂಗಡಿಯಲ್ಲಿ ಅವತ್ತು ಜನಕ್ಕೇನೂ ಬರವಿರಲಿಲ್ಲ. ಸಾಂಗಲಿಯಿಂದ ಮಾಲು ನೋಡಲು ಬಂದ ವ್ಯಾಪಾರಿ ಇದ್ದ, ಅವನ ಜೊತೆಗೊಬ್ಬ ಗುಮಾಸ್ತ ಇದ್ದ, ಸೀರೆ ಒಪ್ಪಿಸಲು ಬಂದ ಬನಹಟ್ಟಿಯ ನೇಕಾರರು ಗಂಟು ಬಗಲಲ್ಲಿಟ್ಟುಕೊಂಡು ನಿಂತಿದ್ದರು. ಎಲ್ಲರೂ ನಕ್ಕರು. ಚಹಾ ತಂದಿದ್ದ ಹೋಟೆಲಿನವನೂ ಕೆಟಲಿ ಕೆಳಗಿಟ್ಟು ನಕ್ಕ. ಕಲ್ಮೇಶನಿಗೆ ಉಳಿದವರ ನಗುವಿಗಿಂತ ಆ ಚಹಾದವನ ನಗುವೇ ಹೆಚ್ಚು ಉರಿಯಿತು. ಅವನಿಗೂ ಸೀರೆಗೂ ಏನು ಸಂಬಂಧ?

ಸಾವಕಾರರು ಗಾದಿಯ ಮೇಲೆ ನೇರಳೆ ಬಣ್ಣದ ಸೀರೆ ಹರವಿದ್ದರು. ಕಲ್ಮೇಶ ನೇಯ್ದ ಸೀರೆ. ಉದ್ದಕ್ಕೆ ಕಟ್ಟುವ ಹಾಸು ಹತ್ತಿಯದು, ಅಡ್ಡ ಹಾಯುವ ಹೊಕ್ಕು ಚಮಕಾದ್ದು. ಚಮಕಾ ಅಂದರೆ ರೇಷ್ಮೆಯ ಹಾಗೆ ಮಿರುಗುವ, ರೇಷ್ಮೆಯಲ್ಲದ ನೂಲು. ಮದುವೆ ಹಂಗಾಮಿಗೆ ಬೇಕಾದ ಮಾಲು ಇದು, ಮಿರುಗಿದಷ್ಟೂ ಬೆಲೆ. ಸಾವಕಾರರು ಸೀರೆಯನ್ನು ಸ್ವಲ್ಪ ಎತ್ತಿ, ಓರೆ ಮಾಡಿ, ಉಗುರಿನಿಂದ ಗೀರು ಎಳೆದ ಹಾಗೆ ತೋರಿಸುತ್ತ ಹೋದರು. ಇಲ್ಲೊಂದು ಪಟ್ಟಿ ಬಿದ್ದೈತಿ, ಇಲ್ಲೊಂದು, ಗೇಣು ಬಿಟ್ಟು ಮತ್ತೊಂದು. ಒಂದು ಹೊಳೆಯುತ್ತದೆ, ಒಂದು ಮಂಕು. ಸಾಂಗಲಿಯವನು ಪಕ್ಕದಲ್ಲಿ ಕೂತು ಹೌದು ಹೌದು ಅಂತ ತಲೆಯಾಡಿಸಿದ.

ಕಲ್ಮೇಶ ನಿಂತಲ್ಲಿಂದಲೇ ಬಗ್ಗಿ ನೋಡಿದ. ಅವನಿಗೆ ಕಂಡದ್ದು ಒಂದೇ ನೇರಳೆ. ಈ ಅಂಚಿನಿಂದ ಆ ಅಂಚಿನವರೆಗೆ, ಬಣ್ಣದ ಬಕೀಟಿನಲ್ಲಿ ಅದ್ದಿ ತೆಗೆದ ಹಾಗೆ, ಒಂದೇ.

“ನನಗೇನೂ ಕಾಣವಲ್ದು ಸಾವಕಾರ್ರ,” ಅಂದ.

ಅದನ್ನು ಹೇಳಬಾರದಿತ್ತು. ಈ ಸಲ ನಗು ಅಂಗಡಿಯ ಹೊರಗಿನ ಕಟ್ಟೆಯವರೆಗೂ ಹೋಯಿತು. ಕಾಣುವುದು ಹೇಗೆ, ನೇಯುವಾಗ ಹುಡುಗನ ಕಣ್ಣು ಮೊಬೈಲಿನಲ್ಲಿರುತ್ತದೆ ಅಂದರು ಸಾವಕಾರರು. ಒಂದು ಕಡೆ ಹೊಕ್ಕು ಗಟ್ಟಿ ಬಡಿಯುತ್ತಾನೆ, ಒಂದು ಕಡೆ ಸಡಿಲ ಬಿಡುತ್ತಾನೆ, ಅದಕ್ಕೇ ಪಟ್ಟಿ. ನಿಂತ ನೇಕಾರರು ಪಾಪ ಅನ್ನುವ ಮುಖ ಮಾಡಿದರು. ಒಳಗೊಳಗೆ ಖುಷಿ, ಕಲ್ಮೇಶನ ಕೈಯಿಂದ ಆ ಮಾಲು ಹೋದರೆ ಅವರಲ್ಲೇ ಯಾರಿಗಾದರೂ ಬರುತ್ತದೆ.

ಇಷ್ಟನ್ನೂ ಅವನು ನುಂಗಿಕೊಳ್ಳುತ್ತಿದ್ದ. ನುಂಗಲಾಗದ್ದು ಆಮೇಲೆ ಬಂತು. ಸಾವಕಾರರ ಪಕ್ಕದಲ್ಲೇ, ಅದೇ ಗಾದಿಯ ಮೇಲೆ, ಲೋಡಿಗೆ ಒರಗಿ ಅವನ ಅಪ್ಪ ಚನಮಲ್ಲಪ್ಪ ಕೂತಿದ್ದ. ಬಸಿಯಲ್ಲಿ ಚಹಾ ಆರಿಸಿಕೊಂಡು ಕುಡಿದು, ಬಸಿ ಕೆಳಗಿಟ್ಟು ಅವನು ಹೇಳಿದ:

“ನೂಲಿಂದ ಏನೂ ತಪ್ಪಿಲ್ಲರಿ. ನೂಲು ನಾನ ಮುಟ್ಟಿ ನೋಡೇನಿ. ಇವನ ಕೈ ಸಮ ಇಲ್ಲ.”

ಯಾರೂ ನಗಲಿಲ್ಲ. ತೀರ್ಪು ಕೇಳಿ ಯಾರು ನಗುತ್ತಾರೆ? ಚನಮಲ್ಲಪ್ಪನ ಬೆರಳು ಹೇಳಿತೆಂದರೆ ರಬಕವಿ-ಬನಹಟ್ಟಿಯಲ್ಲಿ ಅದರ ಮೇಲೆ ಮಾತಿರಲಿಲ್ಲ. ಒಂದು ಕಾಲಕ್ಕೆ ಕೈಮಗ್ಗದಲ್ಲಿ ಅವನನ್ನು ಮೀರಿಸಿದವರಿರಲಿಲ್ಲವಂತೆ. ಹತ್ತಿಯ ಧೂಳು ಎದೆಗೆ ಕೂತು ದಮ್ಮು ಹತ್ತಿತು, ಮಗ್ಗ ಬಿಟ್ಟ. ಬೆರಳು ಮಾತ್ರ ಉಳಿದವು. ಹೊಸ ನೂಲು ಬಂದರೆ ಸಾವಕಾರರು ಹೇಳಿ ಕಳಿಸುತ್ತಾರೆ. ಅವನು ಗಾದಿಯ ಮೇಲೆ ಕೂತು, ಕಣ್ಣು ಮುಚ್ಚಿ, ಹೆಬ್ಬೆರಳಿಗೂ ಎರಡು ಬೆರಳಿಗೂ ನಡುವೆ ಎಳೆಯನ್ನು ಹೊಸೆದು, ಇದು ದಪ್ಪ, ಇದು ಸಣ್ಣ, ಇದು ಹಸಿ, ಇದಕ್ಕೆ ತಿರುವು ಸಾಲದು ಅಂತ ಹೇಳುತ್ತಾನೆ. ಅವನು ಹೇಳಿದ ಮೇಲೆಯೇ ಚೀಲ ಒಳಗೆ ಹೋಗುವುದು. ಊರ ನೇಕಾರರೆಲ್ಲ ಬಾಗಿಲಿಗೆ ಬೆನ್ನು ಮಾಡಿ ನಿಂತು ಮಾತಾಡುವ ಅಂಗಡಿಯಲ್ಲಿ, ಅವನೊಬ್ಬ ಮಾತ್ರ ಬಾಗಿಲಿಗೆ ಮುಖ ಮಾಡಿ ಕೂತಿರುತ್ತಾನೆ.

ಸಾಂಗಲಿಯವನು ನಾಡಿದ್ದು ಮತ್ತೆ ಬರುವವನಿದ್ದ. ಅಷ್ಟರೊಳಗೆ ತಪ್ಪು ಎಲ್ಲಿದೆ ಅಂತ ಹುಡುಕಿಕೊಂಡು ಬಂದು ಎಲ್ಲರ ಮುಂದೆ ಹೇಳು, ಇಲ್ಲದಿದ್ದರೆ ಮಗ್ಗದ ಮೇಲಿನ ಹಾಸು ಬಿಚ್ಚಿ ತಂದು ಕೊಡು ಅಂದರು ಸಾವಕಾರರು. “ನಿನಗ ಟಾವೆಲ್ಲು ಸಾಕು ಲೇ. ಮಾರಿ ಒರಸೂದ್ರಾಗ ಪಟ್ಟಿ ಯಾರು ನೋಡತಾರ.”

ಸೀರೆಯನ್ನು ಕಂಕುಳಲ್ಲಿ ಒತ್ತಿಕೊಂಡು ಕಲ್ಮೇಶ ಹೊರಬಿದ್ದ. ಟಾವೆಲ್ಲು ಅಂದರೇನು ಅಂತ ಅವನಿಗೆ ಗೊತ್ತಿತ್ತು. ಈ ಊರಲ್ಲಿ ಒಬ್ಬನಿಗೆ ಪಟ್ಟಿ ಬೀಳಿಸುವವ ಅಂತ ಹೆಸರು ಬಿತ್ತೋ, ಯಾವ ಅಂಗಡಿಯೂ ಅವನಿಗೆ ಮತ್ತೆ ಸೀರೆಯ ನೂಲು ಕೊಡುವುದಿಲ್ಲ. ಎಂಟನೇ ಇಯತ್ತೆಯಲ್ಲಿ ಸಾಲಿ ಬಿಟ್ಟವನು ಅವನು. ಅಪ್ಪನಿಗೆ ದಮ್ಮು ಜೋರಾದ ವಾರವೇ ಪಾಟಿಚೀಲ ಗೂಟಕ್ಕೆ ಹಾಕಿ ಮಗ್ಗದ ಮುಂದೆ ನಿಂತದ್ದು. ಸೀರೆ ನೇಯುವುದೊಂದು ಬಿಟ್ಟರೆ ಅವನ ಹತ್ತಿರ ಇನ್ನೇನಿತ್ತು, ಮಣ್ಣು?

ಹೊಳೆಯ ದಂಡೆಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡ. ಕೃಷ್ಣೆಯ ನೀರಿನ ಮೇಲಿಂದ ಬಿಸಿಲು ಕಣ್ಣಿಗೇ ಬಂದು ಬಡಿಯಿತು. ಹೊಳೆಗೂ ಒಂದು ಬೈಗುಳ ಕೊಟ್ಟು ಬೈಕ್ ಹತ್ತಿದ.

ಬನಹಟ್ಟಿಯ ಮನೆಯಲ್ಲಿ ಪಡಸಾಲೆಯ ತುಂಬ ಮಗ್ಗ, ಉಳಿದ ಮೂಲೆಯಲ್ಲಿ ಸಂಸಾರ. ಅವ್ವ ಗುರುಬಸವ್ವ ಉಣ್ಣಾಕ ಬಾ ಅಂದದ್ದು ಅವನ ಕಿವಿಗೆ ಬೀಳಲಿಲ್ಲ. ಸೀರೆಯನ್ನು ಟ್ಯೂಬಲೈಟಿನ ಕೆಳಗೆ ಹರವಿದ. ಪಟ್ಟಿ ಇಲ್ಲ. ಮಾಳಿಗೆಗೆ ಒಯ್ದು ಸೂರ್ಯನಿಗೆ ಬೆನ್ನು ಕೊಟ್ಟು ನಿಂತು, ನೆರಳು ಬೀಳದ ಹಾಗೆ ಹಿಡಿದು ನೋಡಿದ. ಇಲ್ಲ. ಎಳೆ ಎಣಿಸುವ ಭೂತಗನ್ನಡಿ ಇಟ್ಟು, ಸಾವಕಾರರು ಉಗುರು ಎಳೆದ ಜಾಗದಲ್ಲೇ ಹೊಕ್ಕಿನ ಎಳೆ ಎಣಿಸಿದ. ಇಲ್ಲಿ ಎಷ್ಟಿದ್ದವೋ ಅಲ್ಲೂ ಅಷ್ಟೇ. ಗೇಣು ಬಿಟ್ಟು ಎಣಿಸಿದ, ಅಷ್ಟೇ. ಗಟ್ಟಿಯೂ ಇಲ್ಲ, ಸಡಿಲವೂ ಇಲ್ಲ. ಅಂದರೆ ಅವನ ಕೈ ಸಮ ಇತ್ತು. ಅಂದರೆ ಅವರೆಲ್ಲ ಸುಳ್ಳು ಹೇಳುತ್ತಿದ್ದರು. ಅಂದರೆ ಅಪ್ಪನೂ.

ಮಗ್ಗಕ್ಕೆ ಒಂದು ಒದ್ದ. ಮಗ್ಗಕ್ಕೇನೂ ಆಗಲಿಲ್ಲ, ಕಾಲಿನ ಹೆಬ್ಬೆರಳು ಊದಿಕೊಂಡಿತು.

ಸಂಜೆಗೆ ಚನಮಲ್ಲಪ್ಪ ಯಾರದೋ ಸ್ಕೂಟರಿನ ಹಿಂದೆ ಕೂತು ಮನೆಗೆ ಬಂದ. ಅಪ್ಪ-ಮಗನಿಗೆ ಆದ ಮಾತು ಓಣಿಗೆಲ್ಲ ಕೇಳಿಸಿತು. ಎಳೆ ಎಣಿಸಿ ನೋಡಿದ್ದೇನೆ ಅಂತ ಮಗ ಅಂದರೆ, ತಲೆಗೆ ಸುತ್ತುವ ಹದಿನಾರು ಮೊಳದ ಪಟಗಾ ನೇಯ್ದವನಿಗೆ ನೀನು ಎಣಿಕೆ ಹೇಳಿಕೊಡುತ್ತೀಯಾ ಅಂತ ಅಪ್ಪ. ಕಡೆಗೆ ಕೆಮ್ಮು ಬಂದು ಚನಮಲ್ಲಪ್ಪನ ಮಾತು ನಿಂತಿತು. ಕೆಮ್ಮುವವನ ಜೊತೆ ಜಗಳವಾಡುವುದಾದರೂ ಹೇಗೆ? ಅವನ ಕೆಮ್ಮಿಗೂ ಕಲ್ಮೇಶನಿಗೆ ಸಿಟ್ಟು ಬಂತು.

ಮರುದಿನ ಸೀರೆ ಸುತ್ತಿಕೊಂಡು ಜಮಖಂಡಿಗೆ ಹೋದ. ಅಲ್ಲಿ ಅವನ ಸಾಲಿಯ ಗೆಳೆಯ ವಿಠ್ಠಲನ ಗ್ಯಾರೇಜು ಇದೆ. ಗುದ್ದಿಸಿಕೊಂಡ ಕಾರುಗಳನ್ನು ಬಡಿದು ಸರಿಮಾಡಿ ಬಣ್ಣ ಹೊಡೆಯುತ್ತಾನೆ. ಸೀರೆ ತೋರಿಸಲು ಅಂತ ಕಲ್ಮೇಶ ಹೋಗಿರಲಿಲ್ಲ. ಬೈಯಲು ಒಬ್ಬ ಮನುಷ್ಯ ಬೇಕಾಗಿದ್ದ. ಸಾವಕಾರರನ್ನು ಬೈದ, ಸಾಂಗಲಿಯವನನ್ನು ಬೈದ, ಚಹಾದವನನ್ನೂ ಬಿಡಲಿಲ್ಲ. ವಿಠ್ಠಲ ಒಂದು ಕರಿ ಕಾರಿನ ಬಾಗಿಲ ಮುಂದೆ ಕುಕ್ಕರುಗಾಲಲ್ಲಿ ಕೂತು, ಕೆನ್ನೆಯನ್ನು ಬಾಗಿಲಿಗೆ ತಾಗಿಸುವಷ್ಟು ಹತ್ತಿರ ತಂದು, ಒಂದೇ ಕಣ್ಣಲ್ಲಿ ನೋಡುತ್ತ ಹೂಂ ಹೂಂ ಅನ್ನುತ್ತಿದ್ದ.

“ಏನ್ ಮುತ್ತು ಕೊಡಾಕತ್ತಿ ಏನ್ ಕಾರಿಗೆ?” ಅಂದ ಕಲ್ಮೇಶ.

“ಬಾಗಿಲ ನೋಡಾಕತ್ತಿಲ್ಲಪಾ. ಬಾಗಿಲದಾಗಿನ ಟ್ಯೂಬಲೈಟ ನೋಡಾಕತ್ತೇನಿ.”

ಅವನು ಕಲ್ಮೇಶನನ್ನೂ ಹಿಡಿದು ಕೂರಿಸಿದ. ಬಣ್ಣದಲ್ಲಿ, ಮಾಡಿನ ಟ್ಯೂಬಲೈಟು ಉದ್ದಕ್ಕೆ ಬಿಳಿ ಗೆರೆಯಾಗಿ ಮಲಗಿತ್ತು. ಒಂದು ಕಡೆ ಗೆರೆ ಸೊಟ್ಟಗಾಗಿತ್ತು. ಅಲ್ಲಿ ತಗ್ಗು ಉಳಿದಿದೆ, ಎದುರಿಗೆ ನಿಂತು ನೋಡಿದರೆ ಸಂಜೆಯವರೆಗೂ ಕಾಣುವುದಿಲ್ಲ ಅಂದ ವಿಠ್ಠಲ. ಬಣ್ಣ ಎಲ್ಲಿ ನಿಂತರೂ ಕಾಣುತ್ತದೆ, ಹೊಳಪು ಹಾಗಲ್ಲ. ಬೆಳಕು ಎಷ್ಟು ಓರೆಯಾಗಿ ಬಂದು ಬೀಳುತ್ತದೋ ಅಷ್ಟೇ ಓರೆಯಾಗಿ ಆಚೆ ಕಡೆ ಹೋಗುತ್ತದೆ, ಅದು ಹೋಗುವ ದಾರಿಯಲ್ಲಿ ನಿನ್ನ ಕಣ್ಣು ಇರಬೇಕು. ಎಂಟನೇ ಇಯತ್ತೆಯಲ್ಲಿ ಇದನ್ನೇ ಸರ್ ಹಲಗೆಯ ಮೇಲೆ ಬಾಣ ಬರೆದು ತೋರಿಸಿದ್ದು ಕಲ್ಮೇಶನಿಗೆ ನೆನಪಾಯಿತು. ಕನ್ನಡಿ, ಬರುವ ಬಾಣ, ಹೋಗುವ ಬಾಣ. ಪಾಠ ಮುಗಿಯುವ ಮೊದಲೇ ಅವನ ಸಾಲಿ ಮುಗಿದಿತ್ತು.

ವಿಠ್ಠಲ ಸೀರೆಯನ್ನು ಕಿತ್ತುಕೊಂಡು ಕಾರಿನ ಮುಂಭಾಗದ ಮೇಲೆ ಹರವಿದ. ಕಲ್ಮೇಶ ಅಭ್ಯಾಸದಂತೆ ಗ್ಯಾರೇಜಿನ ದೊಡ್ಡ ಬಾಗಿಲಿಗೆ ಬೆನ್ನು ಮಾಡಿ ನಿಂತ. ವಿಠ್ಠಲ ಅವನ ಕುತ್ತಿಗೆಗೆ ಕೈ ಹಾಕಿ, ಗಾಡಿಯ ಆಚೆ ಕಡೆಗೆ ದಬ್ಬಿಕೊಂಡು ಹೋಗಿ, ಬೆಳಕಿನ ಕಡೆ ಮುಖ ಮಾಡಿ ಬಗ್ಗಿಸಿದ.

ಪಟ್ಟಿ ಇದ್ದವು.

ಒಂದಲ್ಲ, ಎರಡಲ್ಲ, ಸೀರೆಯ ಉದ್ದಕ್ಕೂ. ಒಂದು ಪಟ್ಟಿ ಎಣ್ಣೆ ಸವರಿದ ಹಾಗೆ ಮಿರಮಿರ ಅನ್ನುತ್ತಿತ್ತು, ಮುಂದಿನದು ಬೂದಿ ಹಚ್ಚಿದ ಹಾಗೆ ಮಂಕು. ತಲೆ ಎತ್ತಿದರೆ ಮಾಯ, ಬಗ್ಗಿಸಿದರೆ ಹಾಜರು. ರೇಲ್ವೆ ಗೇಟೇ. ಸಾವಕಾರರು ಸುಳ್ಳು ಹೇಳಿರಲಿಲ್ಲ ಅಂತ ಗೊತ್ತಾದಾಗ ಕಲ್ಮೇಶನಿಗೆ ಸಮಾಧಾನವಾಗಬೇಕಿತ್ತೇ? ಸಿಟ್ಟು ಇನ್ನೂ ಹೆಚ್ಚಾಯಿತು. ಇಷ್ಟು ವರ್ಷ ಎಲ್ಲ ಅಂಗಡಿಗಳಲ್ಲೂ ಬಾಗಿಲಿಗೆ ಬೆನ್ನು ಕೊಟ್ಟೇ ನಿಂತಿದ್ದಾನೆ, ತಾನು ನೇಯ್ದದ್ದು ಹೇಗೆ ಹೊಳೆಯುತ್ತದೆ ಅಂತ ಒಂದು ದಿನವೂ ನೋಡಿಲ್ಲ. ನೋಡಿದವರು ಕೂತವರು.

ವಿಠ್ಠಲ ಒಳಗಿದ್ದ ಇನ್ನೊಂದು ಗಾಡಿ ತೋರಿಸಿದ. ಬೀಳಗಿಯ ಯಾರೋ ಡಾಕ್ಟರದ್ದು. ಎಂಜಿನ್ನಿನ ಮುಚ್ಚಳದ ಅರ್ಧ ಭಾಗ ಫಳಫಳ, ಅರ್ಧ ಮಂಕು, ಎರಡೂ ಕರಿ.

“ಬಣ್ಣ ಒಂದ ಡಬ್ಬಿದು,” ಅಂದ. “ಈ ಕಡೆ ಮ್ಯಾಲ ಹೊಳಪಿನ ಕ್ಲಿಯರ್ ಹೊಡದೇನಿ, ಕನ್ನಡಿ ಆಗೇತಿ. ಆ ಕಡೆ ಇನ್ನಾ ಹೊಡದಿಲ್ಲ, ಗ್ವಾಡಿ ಇದ್ದಂಗ ಐತಿ. ಬೆಳಕ ಬಂತು, ಚೆಲ್ಲಾಪಿಲ್ಲಿ ಆತು. ನಿನ್ನ ಸೀರ್ಯಾಗೂ ಹಿಂಗ ಆಗಿರಬೇಕು ನೋಡಲೇ. ಬಡದದ್ದು ತಪ್ಪಲ್ಲ. ನೂಲ ಎರಡ ಥರದ್ದು ಕೂಡ್ಯಾವ.”

ಕಲ್ಮೇಶ ಬೈಕನ್ನು ಬನಹಟ್ಟಿಗೆ ಹೇಗೆ ಓಡಿಸಿದನೋ ದೇವರಿಗೇ ಗೊತ್ತು. ತಪ್ಪು ಸಿಕ್ಕಿತ್ತು. ನಾಳೆ ಅಂಗಡಿಗೆ ಹೋಗಿ, ಸಾಂಗಲಿಯವನನ್ನೂ ಸಾವಕಾರರನ್ನೂ ಎಬ್ಬಿಸಿ ಬಾಗಿಲ ಬಳಿ ಕರೆತಂದು ಹೇಳುವ ಮಾತುಗಳನ್ನು ದಾರಿಯುದ್ದಕ್ಕೂ ಜೋಡಿಸುತ್ತಿದ್ದ. ನನ್ನ ಕೈ ಸಮ ಐತಿ. ನಿಮ್ಮ ನೂಲು ಎರಡು ಥರ ಐತಿ. ಮೊದಲು ಚಹಾದವನನ್ನು ಕರೀರಿ, ಅವನೂ ಕೇಳಲಿ.

ಮನೆಯಲ್ಲಿ ಮಗ್ಗದ ಪಕ್ಕದ ಬುಟ್ಟಿಯಲ್ಲಿ ಕಂಡಿಕೆಗಳಿದ್ದವು. ಲಾಳಿಯೊಳಗೆ ಕೂಡಿಸಲು ಕಡ್ಡಿಗೆ ಸುತ್ತಿದ ಬೆರಳುದ್ದದ ನೂಲಿನ ಉಂಡೆಗಳು ಅವು. ಒಂದು ಖಾಲಿಯಾದರೆ ಇನ್ನೊಂದನ್ನು ಹಾಕಿ ನೇಯುತ್ತ ಹೋಗುವುದು. ಮಗ್ಗದ ಟ್ಯೂಬಲೈಟು ನೇಯುವವನ ಬೆನ್ನ ಹಿಂದೆ ಇತ್ತು. ಎದುರಿನ ಬಟ್ಟೆಯ ಹೊಳಪೆಲ್ಲ ಆಚೆ ಗೋಡೆಗೆ ಹೋಗುತ್ತಿತ್ತು, ಅವನಿಗೆ ಕಾಣುವುದು ಹೇಗೆ? ಬುಟ್ಟಿ ಎತ್ತಿಕೊಂಡು ಮಗ್ಗದ ಹಿಂದಕ್ಕೆ ನುಸುಳಿ, ಬೆಳಕಿಗೆ ಮುಖ ಮಾಡಿ ಒಂದೊಂದೇ ಕಂಡಿಕೆ ಹಿಡಿದ. ಕೆಲವುದರ ಮೈಮೇಲೆ ಟ್ಯೂಬಲೈಟು ಸೂಜಿಯಂಥ ಗೆರೆ ಎಳೆಯುತ್ತಿತ್ತು. ಕೆಲವುದರ ಮೇಲೆ ಗೆರೆಯೇ ಇಲ್ಲ, ಬರೀ ನೇರಳೆ. ಒಂದು ಕಂಡಿಕೆಗೆ ಗೇಣು ಬಟ್ಟೆ, ಆಮೇಲೆ ಬೇರೆ ಕಂಡಿಕೆ. ಪಟ್ಟಿ ಬಿದ್ದದ್ದು ಹೀಗೆ.

ಮೂಲೆಯಲ್ಲಿ ನೂಲಿನ ಚೀಲ ಎರಡಿದ್ದವು. ಹಳೆಯದು ಹೊಳೆಯುವ ಚಮಕಾ, ಹೊಸದು ಮಂಕು ಚಮಕಾ. ಚೀಲದ ಬಾಯಿ ಹಿಡಿದು ಕೂತವನಿಗೆ ಮೆಲ್ಲಗೆ ಎಲ್ಲ ನೆನಪಾಗತೊಡಗಿತು. ಈ ಸೀರೆ ನೇಯುತ್ತಿದ್ದಾಗ ನಡುವೆ ನೂಲು ಕಡಿಮೆ ಬಿದ್ದಿತ್ತು. ಹೊಸ ಚೀಲ ಬಂದಾಗ ಇದು ಹಳೆಯದಕ್ಕೆ ಕೂಡುತ್ತದೆಯೇ ಅಂತ ಸಾವಕಾರರು ಕೇಳಿದ್ದರು. ಕೇಳಿದ್ದು ಬೇರೆ ಯಾರನ್ನೂ ಅಲ್ಲ. ಕೂಡುತ್ತದೆ ಅಂತ ಹೇಳಿ, ಹೆಮ್ಮೆಯಿಂದ ಚೀಲವನ್ನು ರಿಕ್ಷಾದಲ್ಲಿ ಹಾಕಿಕೊಂಡು ಬಂದವನು ಅಪ್ಪ. ದಿನಾ ಮಧ್ಯಾಹ್ನ ಕಂಡಿಕೆ ಸುತ್ತುವವನೂ ಅಪ್ಪ. ಯಾವ ಚೀಲ ಕೈಗೆ ಹತ್ತಿರವೋ ಅದರಿಂದ ಎಳೆ ತೆಗೆದು, ಕಣ್ಣು ಮುಚ್ಚಿ ಬೆರಳಲ್ಲಿ ಹೊಸೆದು, ಸರಿ ಅನ್ನಿಸಿದ ಮೇಲೆ ರಾಟಿಗೆ ಹಚ್ಚುತ್ತಾನೆ.

ಎರಡೂ ನೂಲಿನ ದಪ್ಪ ಒಂದೇ. ತಿರುವು ಒಂದೇ. ಬಣ್ಣವೂ ಒಂದೇ. ಕಲ್ಮೇಶ ತಾನೂ ಕಣ್ಣು ಮುಚ್ಚಿ ಹೊಸೆದು ನೋಡಿದ. ಬೆರಳಿಗೆ ಏನೂ ಬೇರೆ ಅನ್ನಿಸಲಿಲ್ಲ.

ಚನಮಲ್ಲಪ್ಪ ಕಟ್ಟೆಯ ಮೇಲೆ ಕೂತು ಎಲೆಯಡಿಕೆ ಹಾಕುತ್ತಿದ್ದ. ಕಲ್ಮೇಶ ಎರಡು ಕಂಡಿಕೆ ಅವನ ಕೈಗೆ ಕೊಟ್ಟು, ಇವೆರಡೂ ಒಂದೇನಾ ಅಂತ ಕೇಳಿದ. ದನಿ ಸಣ್ಣದಾಗಿಯೇ ಇತ್ತು. ಅಷ್ಟು ಸಣ್ಣ ದನಿ ತನಗಿದೆ ಅಂತ ಅವನಿಗೇ ಗೊತ್ತಿರಲಿಲ್ಲ. ಚನಮಲ್ಲಪ್ಪ ಕಣ್ಣು ಮುಚ್ಚಿದ, ಹೊಸೆದ, ಒಂದ ಅಂದ. ಕಣ್ಣು ತೆರೆದು ಬೆಳಕಿನಲ್ಲಿ ಓರೆ ಹಿಡಿದು ನೋಡು ಅಂದ ಮಗ.

“ಕಣ್ಣಿಲೆ ನೋಡಾವ ಬಣ್ಣ ನೋಡತಾನ,” ಅಂದ ಚನಮಲ್ಲಪ್ಪ. “ನಾನು ನೂಲು ನೋಡತೇನಿ.”

ಆದರೂ ಒಮ್ಮೆ ಕಣ್ಣು ಬಿಟ್ಟು, ಎರಡನ್ನೂ ಮೂಗಿನ ನೇರಕ್ಕೆ ಹಿಡಿದು, ಎರಡೂ ನೇರಳೆ ಅಂತ ವಾಪಸು ಕೊಟ್ಟ. ಕಲ್ಮೇಶ ಬೆಳಕು ಬರುವುದು, ಹೋಗುವುದು, ಕಾರಿನ ಬಾಗಿಲು, ಟ್ಯೂಬಲೈಟಿನ ಗೆರೆ ಅಂತ ಏನೇನೋ ಹೇಳಲು ಹೋದ. ವಿಠ್ಠಲನ ಬಾಯಲ್ಲಿ ಸಲೀಸಾಗಿ ಬಂದದ್ದು ಅವನ ಬಾಯಲ್ಲಿ ಗಂಟುಗಂಟಾಯಿತು. ಚನಮಲ್ಲಪ್ಪ ಸ್ವಲ್ಪ ಹೊತ್ತು ಕೇಳಿ, ಎಲೆಯ ನಾರು ತೆಗೆಯುತ್ತ ಅಂದ:

“ಸಾಲಿ ಬಿಟ್ಟಾವ ನನಗ ಸಾಲಿ ಕಲಸಾಕ ಬಂದ್ಯಾ?”

ಯಾರಿಗಾಗಿ ಸಾಲಿ ಬಿಟ್ಟೆ ಅಂತ ಕೇಳಬೇಕೆನ್ನಿಸಿತು. ಕೇಳಿದ್ದರೆ ಕೆಮ್ಮು ಬರುತ್ತಿತ್ತು. ಕಂಡಿಕೆಗಳನ್ನು ಅಂಗಿಯ ಕಿಸೆಗೆ ಹಾಕಿಕೊಂಡು ಒಳಗೆ ಹೋದ.

ಒಳಗೆ ಗುರುಬಸವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಎಲ್ಲ ಕೇಳಿಸಿಕೊಂಡಿದ್ದಳು. ಹೊಳಪು, ಓರೆ ಅವಳಿಗೆ ಎಷ್ಟು ತಿಳಿಯಿತೋ, ಆದರೆ ಮಗನ ಕಿಸೆಯಲ್ಲಿ ಏನಿದೆ ಅಂತ ತಿಳಿಯಿತು. ನಾಳೆ ಅಂಗಡಿಯಲ್ಲಿ ಹೇಳುತ್ತೀಯಾ ಅಂತ ಕೇಳಿದಳು. ಹೇಳದೆ ಮತ್ತೇನು, ಟಾವೆಲ್ಲು ನೇಯಲೇ ಅಂದ ಅವನು.

“ನೇಯಬ್ಯಾಡಪಾ,” ಅಂದಳು ಅವ್ವ. “ನಾ ಏನೂ ಅನ್ನೂದಿಲ್ಲ. ನಿಮ್ಮಪ್ಪ ನಾಳಿ ಅಂಗಡಿಗೆ ಹೋಗಾಕ ಅಂತ ಧೋತರ ಒಗಸಿ ಇಟ್ಟಾನ. ಅಷ್ಟ ಹೇಳಿದೆ.”

ಅಷ್ಟ ಹೇಳಿದಳಂತೆ. ಈ ಮನೆಯಲ್ಲಿ ಯಾರೂ ಏನೂ ಅನ್ನುವುದಿಲ್ಲ, ಎಲ್ಲರೂ ಅಷ್ಟಷ್ಟೇ ಹೇಳಿ ಕುತ್ತಿಗೆ ಹಿಡಿಯುತ್ತಾರೆ. ಅವನು ಉಣ್ಣಲಿಲ್ಲ. ಆದರೆ ಮನಸ್ಸು ಗಟ್ಟಿ ಮಾಡಿಕೊಂಡ. ತನ್ನ ಮರ್ಯಾದೆ ಒಂದು ಕಡೆ ಇರಲಿ, ಆ ಮಂಕು ನೂಲಿನ ಇನ್ನಷ್ಟು ಚೀಲ ಅಂಗಡಿಯಲ್ಲಿ ಉಳಿದಿರಬೇಕು, ಅಪ್ಪನ ಬೆರಳನ್ನು ನಂಬಿ ಅದನ್ನು ಇನ್ನೊಬ್ಬರಿಗೆ ಕೊಡುತ್ತಾರೆ, ಅವರ ಸೀರೆಯೂ ರೇಲ್ವೆ ಗೇಟಾಗುತ್ತದೆ, ಅವರ ಮುಂದೆಯೂ ಹೀಗೇ ಹಲ್ಲು ಕಿಸಿಯುತ್ತಾರೆ. ಹೇಳಲೇಬೇಕು.

ಮರುದಿನ ಅವನು ಅಂಗಡಿಗೆ ಹೋದಾಗ ಚನಮಲ್ಲಪ್ಪ ಆಗಲೇ ಗಾದಿಯ ಮೇಲಿದ್ದ. ಒಗೆದ ಧೋತರ, ತಲೆಗೆ ಟೊಪ್ಪಿಗೆ. ಸಾಂಗಲಿಯವನೂ ಬಂದಿದ್ದ. ನೇಕಾರರು ಮೊನ್ನೆಗಿಂತ ಹೆಚ್ಚಿದ್ದರು, ಇಂಥ ಸುದ್ದಿಗೆ ಕಾಲು ಬೇಗ ಬರುತ್ತವೆ. ಸಾವಕಾರರು ಚನಮಲ್ಲಪ್ಪನ ಕೈಗೆ ಹೊಸ ಮಾಲಿನ ಎಳೆ ಕೊಟ್ಟಿದ್ದರು. ಅವನು ಕಣ್ಣು ಮುಚ್ಚಿ ಹೊಸೆಯುತ್ತಿದ್ದ. ಎಲ್ಲರ ಕಣ್ಣೂ ಅವನ ಮುಖದ ಮೇಲೆ. ಇದು ಹಸಿ ಐತಿ, ವಾಪಸ ಕಳಸ್ರಿ ಅಂದ ಅವನು. ಸಾವಕಾರರು ಮರುಮಾತಿಲ್ಲದೆ ಚೀಲವನ್ನು ಪಕ್ಕಕ್ಕೆ ಇಡಿಸಿದರು. ಸಾಂಗಲಿಯವನು ಮರಾಠಿಯಲ್ಲಿ ತನ್ನ ಗುಮಾಸ್ತನಿಗೆ ಏನೋ ಹೇಳಿ ಹುಬ್ಬೇರಿಸಿದ. ಅದು ಸರಿಯಾಗಿಯೇ ಇತ್ತು. ನೂಲು ಹಸಿಯೇ ಇದ್ದಿರಬೇಕು. ಹಸಿ, ದಪ್ಪ, ತಿರುವು, ಇವುಗಳಲ್ಲಿ ಆ ಬೆರಳು ಎಂದೂ ತಪ್ಪಿರಲಿಲ್ಲ. ಕಲ್ಮೇಶನಿಗೆ ಬೇಡವಾಗಿದ್ದದ್ದು ಇದೇ. ಅಪ್ಪ ಸುಳ್ಳುಗಾರನಾಗಿದ್ದರೆ ಎಷ್ಟು ಸಲೀಸಾಗುತ್ತಿತ್ತು.

ಸಾವಕಾರರು ಅವನ ಕಡೆ ತಿರುಗಿದರು. “ಬಂತು ನೋಡ್ರಿ ರೇಲ್ವೆ ಗೇಟು. ಸಿಕ್ಕತೇನೋ ತಪ್ಪು?”

ಈ ಸಲ ಕಲ್ಮೇಶ ನೇಕಾರರ ಸಾಲಿನಲ್ಲಿ ನಿಲ್ಲಲಿಲ್ಲ. ಚಪ್ಪಲಿ ಬಿಟ್ಟು ಗಾದಿಯ ಪಕ್ಕದಿಂದ ಹಾದು, ಅಪ್ಪನ ಬದಿಗೆ ಹೋಗಿ ನಿಂತ. ಬಾಗಿಲು ಈಗ ಎದುರಿಗೆ ಇತ್ತು, ಬಿಸಿಲು ನೇರ ಗಾದಿಯ ಮೇಲೆ ಬೀಳುತ್ತಿತ್ತು. ಕಿಸೆಯಲ್ಲಿ ಕೈ ಹಾಕಿದ. ಸಿಕ್ಕಿದೆ ಅಂತ ಬಾಯಿ ತೆರೆದೂ ಆಗಿತ್ತು.

ಚನಮಲ್ಲಪ್ಪ ಕೈ ಚಾಚಿದ. ಕಿಸೆಯಲ್ಲಿ ಏನಿದೆ ಅಂತ ಅವನಿಗೆ ಗೊತ್ತಿತ್ತು. ಮಗ ಎಲ್ಲರ ಮುಂದೆ ನಗೆಗೀಡಾಗುವ ಮೊದಲೇ ಮುಗಿಸಿಬಿಡೋಣ ಅನ್ನುವ ಹಾಗೆ ಎರಡೂ ಕಂಡಿಕೆ ಕಿತ್ತುಕೊಂಡ. ಬೆರಳಾಡಿಸಿದ. ಕಣ್ಣು ಮತ್ತೆ ಮುಚ್ಚಿತ್ತು.

“ಎರಡೂ ಒಂದ ನೂಲರಿ,” ಅಂದ ಎಲ್ಲರಿಗೂ ಕೇಳುವ ಹಾಗೆ. “ನಿನ್ನಿಯಿಂದ ಇದನ್ನ ಹಿಡಕೊಂಡ ಅಡ್ಯಾಡಾಕತ್ತಾನ. ತನ್ನ ಕೈ ಸಮ ಇಲ್ಲ ಅಂತ ಒಪ್ಪಗೊಳ್ಳಾಕ ತಯಾರಿಲ್ಲ, ನೂಲಿನ ಮ್ಯಾಲ ಹಾಕತಾನ.”

ಅಂಗೈ ಬಿಚ್ಚಿ ಎಲ್ಲರಿಗೂ ತೋರಿಸಿದ. ಬಾಗಿಲಿನ ಬಿಸಿಲು ಓರೆಯಾಗಿ ಬಂದು ಆ ಅಂಗೈ ಮೇಲೆ ಬಿದ್ದಿತ್ತು. ಒಂದು ಕಂಡಿಕೆಯ ಮೈಮೇಲೆ ಬೆಳಕು ಗಾಜಿನ ಚೂರಿನ ಹಾಗೆ ಕೂತಿತ್ತು. ಇನ್ನೊಂದರ ಮೇಲೆ ಏನೂ ಇರಲಿಲ್ಲ. ಪಕ್ಕದಲ್ಲಿ ನಿಂತ ಕಲ್ಮೇಶನಿಗೆ ಅದು ಎಷ್ಟು ಸ್ಪಷ್ಟವಾಗಿ ಕಂಡಿತೆಂದರೆ, ಇನ್ನೇನು ಸಾವಕಾರರು ಚೀರುತ್ತಾರೆ ಅನ್ನಿಸಿತು. ಸಾವಕಾರರು ಅಂಗೈ ನೋಡಲಿಲ್ಲ. ಯಾರೂ ನೋಡಲಿಲ್ಲ. ಕಣ್ಣು ಮುಚ್ಚಿ ಗಲ್ಲ ಎತ್ತಿ ಕೂತ ಆ ಮುಖವನ್ನೇ ನೋಡುತ್ತಿದ್ದರು. ಕಣ್ಣು ಮುಚ್ಚಿದಾಗ ಮಾತ್ರ ಅಪ್ಪನ ಮುಖದಲ್ಲಿ ದಮ್ಮು ಕಾಣುತ್ತಿರಲಿಲ್ಲ.

ಒಂದು ಮಾತು ಸಾಕಿತ್ತು. ಬಗ್ಗಿ ನೋಡ್ರಿ ಅಂದಿದ್ದರೆ ಸಾಕಿತ್ತು. ಅವನಿಗೆ ಅಪ್ಪನ ಮೇಲೆ ಕನಿಕರವೇನೂ ಬಂದಿರಲಿಲ್ಲ. ಬಂದಿದ್ದು ಬರೀ ಸಿಟ್ಟು; ಆ ಬೆರಳಿನ ಮೇಲೆ, ಆ ಒಗೆದ ಧೋತರದ ಮೇಲೆ, ಹೇಳಲೂ ಆಗದ ಬಿಡಲೂ ಆಗದ ತನ್ನ ಬಾಯಿಯ ಮೇಲೆ.

ವಾಪಸು ಹೋಗಬೇಕಾದ ಹಸಿ ನೂಲಿನ ಚೀಲದ ಪಕ್ಕದಲ್ಲಿ ಮಂಕು ಚಮಕಾದ ಎರಡು ಚೀಲ ಒರಗಿಸಿಟ್ಟಿದ್ದರು, ನಿಂತಿದ್ದ ನೇಕಾರರಲ್ಲಿ ಯಾರ ಮನೆಗೋ ಹೋಗಲು ತಯಾರಾಗಿ. ಅವುಗಳನ್ನು ನೋಡಿದ. ಸಾಲಿನಲ್ಲಿ ನಿಂತವರನ್ನು ನೋಡಿದ. ಅವರೆಲ್ಲ ಬಾಗಿಲಿಗೆ ಬೆನ್ನು ಮಾಡಿ ನಿಂತು ಅವನನ್ನೇ ನೋಡುತ್ತಿದ್ದರು.

“ಯಾಕ, ಬಾಯಿ ಹೋತೇನ?” ಅಂದರು ಸಾವಕಾರರು. “ಹೇಳಲೇ. ನೂಲಿನ ತಪ್ಪಲ್ಲ ಅಂತ ನಿಮ್ಮಪ್ಪನ ಹೇಳಿದ. ಹಂಗಾದ್ರ ಯಾರದು?”

ಕಲ್ಮೇಶ ಅಪ್ಪನ ಅಂಗೈಯಿಂದ ಕಂಡಿಕೆ ಎತ್ತಿಕೊಂಡ, ಎರಡನ್ನೂ. ಗಾದಿಯ ಬದಿಯಿಂದ ಹೊರಬಂದು ಚಪ್ಪಲಿ ಮೆಟ್ಟಿದ. ಹಿಂದಿನಿಂದ ಸಾವಕಾರರು ಹಾಸು ಸಂಜೆಯೊಳಗೆ ಇಳಿಸಿ ಕಳಿಸು ಅಂದದ್ದು, ಅಪ್ಪ ಕೆಮ್ಮಿದ್ದು, ಯಾರೋ ಟಾವೆಲ್ಲು ಅಂತ ಪಿಸುಗುಟ್ಟಿ ನಕ್ಕದ್ದು ಎಲ್ಲ ಕೇಳಿಸಿತು. ನೇಕಾರರು ದಾರಿ ಬಿಟ್ಟರು. ಅವನು ಬಾಗಿಲಿನ ಬಿಸಿಲಿಗೆ ಮುಖ ಕೊಟ್ಟು, ಕಣ್ಣು ಕಿರಿದು ಮಾಡಿಕೊಂಡು ನಡೆದುಬಿಟ್ಟ.